ಮರೀನ್ ಡ್ರೈವ್ ಕೆಳಗೆ ಏನಿದೆ? ಸರ್ ಎಂ.ವಿ. ಇದ್ದ ಒಂದು ತನಿಖೆ ಮತ್ತು ಮರಳು ನೀರಾಗುವ ಕಥೆ

ಈ ಸಲದ ಮಾತು ಮುಂಬೈನ ನೆಲದ ಬಗ್ಗೆ. ನೆಲ ಅಂದ್ರೆ ಚದರ ಅಡಿ ರೇಟು ಅಲ್ಲ, ಅದನ್ನ ನೀವೆಲ್ಲ ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಹೇಳ್ತಿರೋದು ಕಾಲ ಕೆಳಗಿನ ಮಣ್ಣಿನ ಬಗ್ಗೆ.

ಚರ್ಚ್‌ಗೇಟ್ ಸ್ಟೇಷನ್ನಲ್ಲಿ ಇಳಿದು ವೀರ್ ನರಿಮನ್ ರಸ್ತೆ ಹಿಡಿದು ಸಮುದ್ರದ ಕಡೆ ನಡೆದರೆ ಹತ್ತು ನಿಮಿಷದಲ್ಲಿ ಮರೀನ್ ಡ್ರೈವ್ ಸಿಗುತ್ತೆ. ಆ ಹತ್ತು ನಿಮಿಷದ ಕೊನೆಯ ಭಾಗ ನೂರು ವರ್ಷದ ಹಿಂದೆ ನೀರು. ಎಡಕ್ಕೆ ತಿರುಗಿ ನರಿಮನ್ ಪಾಯಿಂಟ್ ಕಡೆ ಹೋದರೆ ಅರವತ್ತು ವರ್ಷದ ಹಿಂದೆಯೂ ಅಲ್ಲಿ ಬಹುಪಾಲು ನೀರೇ ಇತ್ತು. ಹಾಗಾದರೆ ಮನುಷ್ಯ ಮಾಡಿದ ಈ ನೆಲ ಎಷ್ಟು ಗಟ್ಟಿ? ಭೂಮಿ ಅಲುಗಿದರೆ ಅದು ನೆಲವಾಗಿಯೇ ಉಳಿಯುತ್ತಾ? ಈ ಪ್ರಶ್ನೆಯ ಹಿಂದೆ ಹೋದರೆ ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೂತಿದ್ದ ಒಂದು ತನಿಖಾ ಸಮಿತಿಯ ಕಥೆ ಸಿಗುತ್ತೆ. ಅಲ್ಲಿಂದ ಮುಂದೆ ಹೋದರೆ, ಗಟ್ಟಿ ಮರಳು ಕ್ಷಣದಲ್ಲಿ ನೀರಿನಂತೆ ಹರಿಯುವುದು ಹೇಗೆ ಅನ್ನೋ ವಿಜ್ಞಾನದ ಕಥೆ ಸಿಗುತ್ತೆ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಡೆದವು. ಒಂದಕ್ಕೊಂದು ಪರಿಚಯ ಮಾತ್ರ ಇರಲಿಲ್ಲ.

ಏಳು ದ್ವೀಪ, ಒಂದು ದುರಾಸೆ

ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಝಗಾಂವ್, ಪರೇಲ್, ವರ್ಲಿ, ಮಾಹಿಂ ಎಂಬ ಏಳು ದ್ವೀಪ ಸೇರಿ ಮುಂಬೈ ಆಯ್ತು ಅಂತ ಶಾಲೆಯಲ್ಲೇ ಓದಿರ್ತೀವಿ. 18ನೇ ಶತಮಾನದಲ್ಲಿ ಗವರ್ನರ್ ವಿಲಿಯಂ ಹಾರ್ನ್‌ಬಿ ಕಾಲದಲ್ಲಿ ಮಹಾಲಕ್ಷ್ಮಿ ಬಳಿ ಸಮುದ್ರ ಒಳನುಗ್ಗುತ್ತಿದ್ದ ಬಾಯಿಗೆ ಒಡ್ಡು ಹಾಕಿದರು. ಅದೇ ಹಾರ್ನ್‌ಬಿ ವೆಲ್ಲಾರ್ಡ್. ಆಗಿನ ಉದ್ದೇಶ ಸರಳ. ಉಬ್ಬರದ ನೀರು ಒಳಗೆ ಬರಬಾರದು, ಜೌಗು ಒಣಗಬೇಕು.

1860ರ ದಶಕದಲ್ಲಿ ಕಥೆ ಬದಲಾಯ್ತು. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಿತು. ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂತು. ಆ ದುಡ್ಡನ್ನೆಲ್ಲ ಎಲ್ಲಿ ಹಾಕೋದು? ಸಮುದ್ರಕ್ಕೆ! ಬ್ಯಾಕ್ ಬೇ ತುಂಬಿಸಿ ಸೈಟು ಮಾಡ್ತೀವಿ ಅಂತ ಕಂಪನಿ ಹುಟ್ಟಿತು, ಪ್ರೇಮ್‌ಚಂದ್ ರಾಯ್‌ಚಂದ್ ಅಂಥ ಸಾಹುಕಾರರು ಬೆನ್ನಿಗೆ ನಿಂತರು, 5000 ರೂಪಾಯಿಯ ಶೇರು 50,000 ದಾಟಿತು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು, ಶೇರು ಕಾಗದವಾಯಿತು. ಆ ಸಾಹಸದಿಂದ ಉಳಿದದ್ದು ದಡದುದ್ದಕ್ಕೂ ಒಂದು ಪಟ್ಟಿ ನೆಲ. ಅದರ ಮೇಲೆ ಬಿ.ಬಿ. ಅಂಡ್ ಸಿ.ಐ. ರೈಲ್ವೆಯ ಹಳಿ ಬಂತು. ಇವತ್ತಿನ ವೆಸ್ಟರ್ನ್ ಲೈನಿನ ಅಜ್ಜ ಅದು.

1920: ಹಡಗಿನಿಂದ ಕೆಸರು, ಪೈಪಿನಿಂದ ನೆಲ

ಮೊದಲ ಮಹಾಯುದ್ಧ ಮುಗಿದ ಮೇಲೆ ಮುಂಬೈಯಲ್ಲಿ ಮನೆ ಸಿಗೋದೇ ಕಷ್ಟವಾಗಿತ್ತು. ಗವರ್ನರ್ ಜಾರ್ಜ್ ಲಾಯ್ಡ್ ಹಳೆಯ ಕನಸಿಗೆ ಮತ್ತೆ ಜೀವ ಕೊಟ್ಟರು. 1920ರಲ್ಲಿ ಡೆವಲಪ್‌ಮೆಂಟ್ ಇಲಾಖೆ ಶುರುವಾಯ್ತು. ಯೋಜನೆ ದೊಡ್ಡದು: ಬ್ಯಾಕ್ ಬೇಯಲ್ಲಿ 8 ಬ್ಲಾಕು, ಒಟ್ಟು 1145 ಎಕರೆ.

ಸಮುದ್ರದಲ್ಲಿ ಕಲ್ಲಿನ ಗೋಡೆ ಕಟ್ಟೋದು, ಅದಕ್ಕೆ ಕಾಂದಿವಲಿ ಗಣಿಯಿಂದ ಕಲ್ಲು ತರೋದು. ಬಂದರಿನ ಕಡೆಯಿಂದ ಹೂಳೆತ್ತುವ ಹಡಗಿನಲ್ಲಿ ತಳದ ಮಣ್ಣನ್ನ ಕತ್ತರಿಸಿ, ನೀರಿನ ಜೊತೆ ಕಲಸಿ, ಪೈಪಿನಲ್ಲಿ ತಳ್ಳಿ ಗೋಡೆಯ ಒಳಗೆ ಸುರಿಯೋದು. ನೀರು ಹೊರಗೆ ಹೋಗುತ್ತೆ, ಮಣ್ಣು ಒಳಗೆ ಕೂರುತ್ತೆ, ನೆಲ ಏಳುತ್ತೆ. ಲೆಕ್ಕ ಕಾಗದದ ಮೇಲೆ ಚೆನ್ನಾಗಿತ್ತು. ಮುಖ್ಯ ಹಡಗಿಗೆ ಗವರ್ನರ್ ಸಾಹೇಬರದ್ದೇ ಹೆಸರು ಇಟ್ಟರು.

ಆಗಿದ್ದೇ ಬೇರೆ. ಹಡಗುಗಳು ಎತ್ತಿದ ಮಣ್ಣು ಲೆಕ್ಕ ಹಾಕಿದ್ದಕ್ಕಿಂತ ತುಂಬ ಕಡಿಮೆ. ಸುರಿದ ಕೆಸರು ಗೋಡೆಯ ಸಂದುಗಳಿಂದ ಮತ್ತೆ ಸಮುದ್ರಕ್ಕೇ ಸೋರಿಹೋಯಿತು. ಖರ್ಚು ಮಾತ್ರ ನಿಲ್ಲಲಿಲ್ಲ. ಜನ ಇದನ್ನ 'ಲಾಯ್ಡ್ ಸಾಹೇಬನ ಹುಚ್ಚು' ಅಂತ ಕರೆದರು.

ಇದನ್ನ ಬಯಲಿಗೆಳೆದವರು ಖುರ್ಷೆದ್ ನರಿಮನ್ ಎಂಬ ಪಾರ್ಸಿ ವಕೀಲರು. ಇಲಾಖೆಯ ಎಂಜಿನಿಯರ್ ಹಾರ್ವಿ, ನರಿಮನ್ ಮೇಲೆ ಮಾನನಷ್ಟದ ಕೇಸು ಹಾಕಿದರು. ಕೇಸಿನಲ್ಲಿ ಗೆದ್ದವರು ನರಿಮನ್. ಆಮೇಲೆ ನಗರದ ಮೇಯರ್ ಕೂಡ ಆದರು. ಸಮುದ್ರ ತುಂಬಿಸುವ ಯೋಜನೆಯ ವಿರುದ್ಧ ಹೋರಾಡಿದವರ ಹೆಸರನ್ನೇ ಸಮುದ್ರ ತುಂಬಿಸಿದ ಜಾಗಕ್ಕೆ ಇಟ್ಟಿದ್ದು ಮುಂಬೈನ ತಮಾಷೆಗಳಲ್ಲಿ ಒಂದು.

ಗಲಾಟೆ ಜೋರಾದ ಮೇಲೆ 1926ರಲ್ಲಿ ಬ್ಯಾಕ್ ಬೇ ತನಿಖಾ ಸಮಿತಿ ಬಂತು. ಅಧ್ಯಕ್ಷರು ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಗ್ರಿಮ್‌ವುಡ್ ಮಿಯರ್ಸ್. ಸದಸ್ಯರಲ್ಲಿ ಒಬ್ಬರು ಸರ್ ಎಂ. ವಿಶ್ವೇಶ್ವರಯ್ಯ. ನಾವು ಎಂ.ವಿ. ಅಂದ ಕೂಡಲೇ ಕನ್ನಂಬಾಡಿ, ಭದ್ರಾವತಿ ಅಂತೀವಿ. ಆದರೆ ಅವರ ವೃತ್ತಿ ಶುರುವಾಗಿದ್ದೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ, 1880ರ ದಶಕದಲ್ಲಿ. ದಿವಾನಗಿರಿ ಬಿಟ್ಟು ಏಳೆಂಟು ವರ್ಷವಾದ ಮೇಲೆ, ಅರವತ್ತೈದರ ಆಸುಪಾಸಿನಲ್ಲಿ, ಅದೇ ಪ್ರಾಂತ್ಯದ ಎಂಜಿನಿಯರಿಂಗ್ ಎಡವಟ್ಟನ್ನ ಪರಿಶೀಲಿಸಲು ಕೂತರು.

ಕೊನೆಗೆ 3ರಿಂದ 6ನೇ ಬ್ಲಾಕುಗಳನ್ನ ಕೈಬಿಟ್ಟರು. 1, 2, 7 ಮತ್ತು 8 ಮಾತ್ರ ಮುಗಿದವು, ಸುಮಾರು 440 ಎಕರೆ. ಕೊಲಾಬಾ ತುದಿಯ ದೊಡ್ಡ ಪಾಲು ಮಿಲಿಟರಿಗೆ ಹೋಯಿತು. ಚರ್ಚ್‌ಗೇಟ್ ಕಡೆಯ ಪಾಲಿನಲ್ಲಿ ಮರೀನ್ ಡ್ರೈವ್ ಮತ್ತು ಆರ್ಟ್ ಡೆಕೊ ಕಟ್ಟಡಗಳು ಎದ್ದವು. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮುಂಬೈನ ಕಟ್ಟಡಗಳಲ್ಲಿ ಇವೂ ಇವೆ. ಬಿಟ್ಟಿದ್ದ ಬ್ಲಾಕುಗಳ ಒಂದಷ್ಟು ಭಾಗವನ್ನ ಸ್ವಾತಂತ್ರ್ಯದ ನಂತರ ತುಂಬಿಸಿದಾಗ ನರಿಮನ್ ಪಾಯಿಂಟ್ ಬಂತು. ಏರ್ ಇಂಡಿಯಾ ಕಟ್ಟಡ ಮುಗಿದಿದ್ದು 1974ರಲ್ಲಿ.

ಆಗ ಯಾರೂ ಕೇಳದ ಪ್ರಶ್ನೆ

1920ರ ದಶಕದ ಜಗಳವೆಲ್ಲ ನಡೆದದ್ದು ಎರಡು ಪ್ರಶ್ನೆಗಳ ಸುತ್ತ. ಎಷ್ಟು ದುಡ್ಡು? ಎಷ್ಟು ದಿನ? ಮೂರನೆಯದೊಂದು ಪ್ರಶ್ನೆ ಇತ್ತು: ನೀರಿನ ಜೊತೆ ಸುರಿದ ಮಣ್ಣು ಒಳಗೊಳಗೆ ಹೇಗಿರುತ್ತೆ? ಇದನ್ನ ಕೇಳಲು ಬೇಕಾದ ವಿಜ್ಞಾನವೇ ಆಗಿನ್ನೂ ಕಣ್ಣು ಬಿಡುತ್ತಿತ್ತು.

ಈಗ ಇನ್ನೊಂದು ದಡಕ್ಕೆ ಹೋಗೋಣ. ಬೇ ಏರಿಯಾದಲ್ಲಿರೋ ಸ್ನೇಹಿತರಿಗೆ ಈ ಜಾಗ ಗೊತ್ತಿರುತ್ತೆ. ಮಿಲ್‌ಪಿಟಾಸ್‌ನ ಪೂರ್ವಕ್ಕಿರೋ ಬೆಟ್ಟಗಳ ನಡುವೆ ಕ್ಯಾಲವೆರಸ್ ಅನ್ನೋ ಜಲಾಶಯ ಇದೆ. ಅದರ ಹಳೆಯ ಅಣೆಕಟ್ಟನ್ನೂ ಇದೇ ವಿಧಾನದಲ್ಲಿ ಕಟ್ಟುತ್ತಿದ್ದರು, ಮಣ್ಣನ್ನ ನೀರಿನ ಜೊತೆ ಹರಿಸಿ ಕೂರಿಸುವುದು. 1918ರ ಮಾರ್ಚ್‌ನಲ್ಲಿ ಅದರ ಒಂದು ಮಗ್ಗುಲು ಇದ್ದಕ್ಕಿದ್ದಂತೆ ಹರಿದುಹೋಯಿತು. ಭೂಕಂಪ ಇಲ್ಲ, ಪ್ರವಾಹ ಇಲ್ಲ. 1920ರಲ್ಲಿ ಅಲೆನ್ ಹೇಜನ್ ಎಂಬ ಎಂಜಿನಿಯರ್ ಅದರ ಬಗ್ಗೆ ಬರೆದು ವಿವರಿಸಿದ್ದು ಇಷ್ಟು: ಕಣಗಳ ನಡುವಿನ ನೀರೇ ಭಾರವನ್ನೆಲ್ಲ ಹೊತ್ತುಬಿಟ್ಟರೆ ಕಣಗಳು ಒಂದರಿಂದ ಒಂದು ಬಿಡಿಸಿಕೊಂಡು ಮಣ್ಣು ದ್ರವವಾಗುತ್ತೆ.

1920! ಪೈಪಿನಲ್ಲಿ ಮಣ್ಣು ತಳ್ಳಿ ನೆಲ ಮಾಡ್ತೀವಿ ಅಂತ ಮುಂಬೈ ಇಲಾಖೆ ತೆರೆದ ವರ್ಷವೇ, ಹಾಗೆ ಮಾಡಿದ ಮಣ್ಣು ದ್ರವವಾಗಬಹುದು ಅಂತ ಇನ್ನೊಬ್ಬ ಬರೆಯುತ್ತಿದ್ದ.

ಸೇರಿನಲ್ಲಿ ಅಕ್ಕಿ, ಕಡಲಲ್ಲಿ ಮರಳು

ಇದು ಹೇಗೆ ಅಂತ ಅಡುಗೆಮನೆಯಿಂದಲೇ ಅರ್ಥ ಮಾಡಿಕೊಳ್ಳೋಣ. ಸೇರಿನಲ್ಲಿ ಅಕ್ಕಿ ಸುರಿದು ಸೇರಿನ ಬದಿಗೆ ನಾಲ್ಕು ಸಲ ತಟ್ಟಿ. ಮಟ್ಟ ಇಳಿಯುತ್ತೆ, ಇನ್ನೊಂದು ಹಿಡಿ ಹಿಡಿಯುತ್ತೆ. ಅಂಗಡಿಯವನು ತಟ್ಟದೆ ಅಳೆದರೆ ಅಜ್ಜಿ ಬಯ್ಯುತ್ತಿದ್ದದ್ದು ಇದಕ್ಕೇ. ಸಡಿಲವಾಗಿ ಬಿದ್ದ ಕಾಳುಗಳ ನಡುವೆ ಜಾಗ ಜಾಸ್ತಿ. ಅಲುಗಿಸಿದರೆ ಒತ್ತೊತ್ತಾಗಿ ಕೂರುತ್ತವೆ.

ಈಗ ಅಕ್ಕಿಯ ಬದಲು ಸಡಿಲ ಮರಳು, ನಡುವಿನ ಜಾಗದಲ್ಲಿ ಗಾಳಿಯ ಬದಲು ನೀರು ಅಂದುಕೊಳ್ಳಿ. ಅಲುಗಿಸಿದಾಗ ಮರಳು ಕುಗ್ಗಬೇಕು ಅಂದರೆ ನೀರು ಜಾಗ ಬಿಟ್ಟುಕೊಟ್ಟು ಹೊರಗೆ ಹೋಗಬೇಕು. ಹೋಗಲು ಪುರುಸೊತ್ತು ಸಿಕ್ಕರೆ ನೆಲ ಒಂಚೂರು ತಗ್ಗುತ್ತೆ, ಅಷ್ಟೇ. ಪುರುಸೊತ್ತು ಸಿಗದಿದ್ದರೆ? ನೀರನ್ನ ಹಿಂಡಿ ಚಿಕ್ಕದು ಮಾಡೋಕೆ ಆಗಲ್ಲ. ಆಗ ಕಣಗಳು ಹೊರಬೇಕಿದ್ದ ಭಾರ ನೀರಿನ ಮೇಲೆ ಬೀಳುತ್ತೆ, ನೀರಿನ ಒತ್ತಡ ಏರುತ್ತೆ.

ಒಂದು ಲೆಕ್ಕ ನೋಡಿ. 10 ಮೀಟರ್ ಆಳದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಮಣ್ಣು ಮತ್ತು ನೀರು ಸೇರಿ ಸುಮಾರು 19 ಟನ್ ಭಾರ ಇರುತ್ತೆ. ಅಂತರ್ಜಲ 2 ಮೀಟರ್ ಆಳದಲ್ಲೇ ಇದ್ದರೆ ಅದರಲ್ಲಿ 8 ಟನ್ ನೀರಿನ ಒತ್ತಡದ ಪಾಲು. ಉಳಿದ 11 ಟನ್ ಕಣದಿಂದ ಕಣಕ್ಕೆ ದಾಟುತ್ತೆ. ಮರಳಿನ ಗಟ್ಟಿತನ ಅಂದರೆ ಈ 11 ಟನ್. ಕಣಗಳು ಒಂದನ್ನೊಂದು ಒತ್ತಿ ಹಿಡಿದಿರೋದರಿಂದ ಉಜ್ಜಿಕೊಂಡು ಜಾರದೆ ನಿಲ್ಲುತ್ತವೆ. ನೀರಿನ ಒತ್ತಡ 8ರಿಂದ 19ಕ್ಕೆ ಏರಿದರೆ ಕಣಗಳ ಪಾಲಿಗೆ ಸೊನ್ನೆ. ಹಿಡಿತ ಹೋಯಿತು. ಮೇಲಿನ ಕಟ್ಟಡಕ್ಕೆ ಕೆಳಗಿರೋದು ಈಗ ನೆಲ ಅಲ್ಲ, ದಪ್ಪನೆಯ ಗಂಜಿ.

ನಮ್ಮ ಭಾಷೆಯಲ್ಲಿ ಹೇಳೋದಾದರೆ, ರಿಕ್ವೆಸ್ಟ್ ಬರುವ ವೇಗ ಕ್ಯೂ ಖಾಲಿಯಾಗುವ ವೇಗಕ್ಕಿಂತ ಜಾಸ್ತಿಯಾದಾಗ ಆಗುವ ಕಥೆ ಇದು. ಮಣ್ಣಿನಲ್ಲಿ ಎರಡು ಗಡಿಯಾರ ಓಡ್ತಿರುತ್ತವೆ. ಒಂದು ಭಾರ ಬೀಳುವುದರದ್ದು, ಇನ್ನೊಂದು ನೀರು ಹೊರಹೋಗುವುದರದ್ದು. ಮೊದಲನೆಯದು ಮುಂದೆ ಓಡಿದರೆ ಅಪಾಯ.

ಎಲ್ಲ ಮರಳೂ ಹೀಗಲ್ಲ. ಜುಹು ಬೀಚಿನಲ್ಲಿ ಅಲೆ ಹಿಂದೆ ಸರಿದ ಒದ್ದೆ ಜಾಗದಲ್ಲಿ ಹೆಜ್ಜೆ ಇಟ್ಟು ನೋಡಿ. ಪಾದದ ಸುತ್ತ ಮರಳು ಒಂದು ಕ್ಷಣ ಒಣಗಿದಂತೆ ಬೆಳ್ಳಗಾಗುತ್ತೆ. ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲೇ ಇದರ ಕಾರಣ ಹೇಳಿದ್ದರು. ಅಲೆಗಳು ಬಡಿದು ಬಡಿದು ಒತ್ತಾಗಿ ಕೂರಿಸಿದ ಮರಳು ಅದು. ಅದನ್ನ ಜರುಗಿಸಬೇಕಾದರೆ ಕಣಗಳು ಒಂದರ ಮೇಲೊಂದು ಹತ್ತಬೇಕು, ಅಂದರೆ ಹಿಗ್ಗಬೇಕು. ಹಿಗ್ಗಿದಾಗ ನೀರನ್ನ ಒಳಗೆ ಎಳೆದುಕೊಳ್ಳುತ್ತೆ, ಹಿಡಿತ ಇನ್ನೂ ಬಿಗಿಯಾಗುತ್ತೆ. ಅದೇ ಮರಳನ್ನ ಅಗೆದು ನೀರಿನ ಜೊತೆ ಪೈಪಿನಲ್ಲಿ ತಂದು ಸುರಿದರೆ ಸಡಿಲವಾಗಿ ಕೂರುತ್ತೆ. ಮರಳು ಒಂದೇ, ಕೂತ ರೀತಿ ಬೇರೆ, ಗುಣವೂ ಬೇರೆ.

ವಿಜ್ಞಾನ ತಡವಾಗಿ ಬಂತು

ಎಂ.ವಿ. ಸಮಿತಿಯಲ್ಲಿ ಕೂರುವ ಹಿಂದಿನ ವರ್ಷ, 1925ರಲ್ಲಿ, ಕಾರ್ಲ್ ಟರ್ಜಾಗಿ ಮಣ್ಣಿನ ಯಂತ್ರಶಾಸ್ತ್ರದ ಮೊದಲ ದೊಡ್ಡ ಪುಸ್ತಕವನ್ನ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಒಟ್ಟು ಭಾರದಲ್ಲಿ ನೀರಿನ ಪಾಲು ಕಳೆದು ಉಳಿದದ್ದೇ ಮಣ್ಣಿನ ನಿಜವಾದ ಬಲ ಅನ್ನೋ, ಮೇಲೆ ನಾವು ಮಾಡಿದ ಲೆಕ್ಕ, ಅವರು ಕೊಟ್ಟಿದ್ದು. 1936ರಲ್ಲಿ ಅವರ ಜೊತೆ ಕೆಲಸ ಮಾಡಿದ್ದ ಆರ್ಥರ್ ಕಸಗ್ರಾಂಡೆ, ಮರಳು ಕುಗ್ಗುತ್ತದೋ ಹಿಗ್ಗುತ್ತದೋ ಅನ್ನೋದಕ್ಕೆ ಒಂದು ಗಡಿರೇಖೆ ಇದೆ ಅಂತ ತೋರಿಸಿದರು. ಎರಡೇ ವರ್ಷದಲ್ಲಿ, 1938ರ ಸೆಪ್ಟೆಂಬರ್ 22ರಂದು, ಅಮೆರಿಕದ ಮೊಂಟಾನಾದಲ್ಲಿ ಮಣ್ಣು ಪಂಪ್ ಮಾಡಿ ಕಟ್ಟುತ್ತಿದ್ದ ಫೋರ್ಟ್ ಪೆಕ್ ಅಣೆಕಟ್ಟಿನ ಒಂದು ಭಾಗ ಹರಿದುಹೋಗಿ 8 ಕಾರ್ಮಿಕರು ಸತ್ತರು.

ನಂತರದ ದಶಕಗಳಲ್ಲಿ ಪ್ರಯೋಗಾಲಯದಲ್ಲಿ ಇನ್ನೊಂದು ಭಯದ ಸಂಗತಿ ಗೊತ್ತಾಯಿತು. ಸಡಿಲ ಮರಳಿನ ಒಂದು ತುಂಡನ್ನ ನೀರು ಹೊರಹೋಗದಂತೆ ಮುಚ್ಚಿ ಮೇಲಿಂದ ಒತ್ತಿದರೆ, ಅದು ಸ್ವಲ್ಪ ಹೊತ್ತು ಭಾರ ಹೊರುತ್ತೆ. ಒಂದು ಶಿಖರ ಮುಟ್ಟುತ್ತೆ. ಅಲ್ಲಿಂದ ಮುಂದೆ ಬಲ ದಿಢೀರ್ ಇಳಿಯುತ್ತೆ. ಆ ಶಿಖರ, ಕಣಗಳು ಉಜ್ಜಿ ನಿಲ್ಲುವ ಕೊನೆಯ ಮಿತಿ ಮುಟ್ಟುವ ಮೊದಲೇ ಬಂದುಬಿಡುತ್ತೆ. ಅಂದರೆ ಲೆಕ್ಕದ ಪ್ರಕಾರ ಇನ್ನೂ ಬಲ ಬಾಕಿ ಇದೆ ಅನ್ನುವಾಗಲೇ ಕುಸಿತ ಶುರು. ಮೇಲಿನ ಭಾರ ಹಾಗೇ ಇದ್ದರೆ ಕುಸಿತ ನಿಲ್ಲಲ್ಲ, ಓಡುತ್ತೆ. ದೊಡ್ಡ ಭೂಕಂಪವೇ ಬೇಕಿಲ್ಲ, ಅಂಚಿನಲ್ಲಿ ನಿಂತ ಮಣ್ಣಿಗೆ ಸಣ್ಣ ತಳ್ಳು ಸಾಕು. 2019ರ ಜನವರಿ 25ರಂದು ಬ್ರೆಜಿಲಿನ ಬ್ರುಮಾಡಿನೊದಲ್ಲಿ ಗಣಿ ತ್ಯಾಜ್ಯದ ಕಟ್ಟೆ ಹೀಗೇ ಹರಿದು 270 ಜನ ಸತ್ತರು. ಅಲ್ಲೂ ಭೂಕಂಪ ಇರಲಿಲ್ಲ.

ಭೂಕಂಪ ಬಂದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮಲ್ಲೇ ದಾಖಲೆ ಇದೆ. 1934ರ ಜನವರಿ 15ರ ಬಿಹಾರ ಭೂಕಂಪದಲ್ಲಿ ನೂರಾರು ಕಿಲೋಮೀಟರ್ ಉದ್ದದ ಪಟ್ಟಿಯಲ್ಲಿ ಮನೆಗಳು ಹೂತವು, ವಾಲಿದವು. ನೆಲದಿಂದ ಮರಳು ಮತ್ತು ನೀರು ಚಿಮ್ಮಿ ಹೊಲಗಳು ಮುಚ್ಚಿದವು, ಬಾವಿಗಳು ತುಂಬಿದವು. 1964ರ ಜೂನ್ 16ರಂದು ಜಪಾನಿನ ನೀಗಾಟಾದಲ್ಲಿ ಅಪಾರ್ಟ್‌ಮೆಂಟ್ ಕಟ್ಟಡಗಳು ಮುರಿಯದೆ, ಇಡಿಯಾಗಿ, ನಿಧಾನಕ್ಕೆ ವಾಲಿ ಮಲಗಿದವು. ಕಾಂಕ್ರೀಟಿನಲ್ಲಿ ತಪ್ಪಿರಲಿಲ್ಲ, ನೆಲ ಕೈಬಿಟ್ಟಿತ್ತು. ಆಮೇಲೆ ಬರ್ಕ್ಲಿಯ ಸೀಡ್ ಮತ್ತು ಇದ್ರಿಸ್ 1971ರಲ್ಲಿ ಕೊಟ್ಟ ಸರಳ ಲೆಕ್ಕದ ವಿಧಾನವೇ ಇವತ್ತಿಗೂ ಜಗತ್ತಿನ ಬಹುತೇಕ ಕಡೆ ಅಡಿಪಾಯ. 1989ರ ಅಕ್ಟೋಬರ್ 17ರಂದು ಸ್ಯಾನ್ ಫ್ರಾನ್ಸಿಸ್ಕೊದ ಮರೀನಾ ಬಡಾವಣೆಯಲ್ಲಿ ಮನೆಗಳು ಕುಸಿದವು. ಭೂಕಂಪದ ಕೇಂದ್ರ ಅಲ್ಲಿಂದ ಸುಮಾರು 100 ಕಿಲೋಮೀಟರ್ ದೂರ! ಮರೀನಾ ಕೂಡ 1915ರ ವಸ್ತುಪ್ರದರ್ಶನಕ್ಕಾಗಿ ನೀರು ತುಂಬಿಸಿ ಮಾಡಿದ ನೆಲ.

2001ರ ಜನವರಿ 26ರ ಭುಜ್ ಭೂಕಂಪ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಆಗ ಕಛ್‌ನ ಹಲವು ಮಣ್ಣಿನ ಅಣೆಕಟ್ಟುಗಳ ಬುಡದ ಮಣ್ಣು ದ್ರವವಾಗಿ ಅವು ಬಿರಿದವು. ಕಾಂಡ್ಲಾ ಬಂದರಿನ ಕಸ್ಟಮ್ಸ್ ಕಚೇರಿಯ ಗೋಪುರ, ಕೆಳಗೆ ಪೈಲ್ ಇದ್ದರೂ, ವಾಲಿತು.

ಹಾಗಾದರೆ ಮುಂಬೈ?

ಇಲ್ಲಿ ಹೆದರಿಸೋ ಥಂಬ್‌ನೇಲ್ ಹಾಕೋದು ಸುಲಭ. ಮರೀನ್ ಡ್ರೈವ್ ಮುಳುಗುತ್ತೆ ಅಂದರೆ ವ್ಯೂಸ್ ಬರುತ್ತೆ. ಆದರೆ ಅದು ನಿಜ ಅಲ್ಲ.

ಮುಂಬೈಗೆ ಒಂದು ವರ ಇದೆ: ಕಪ್ಪು ಬಸಾಲ್ಟ್ ಬಂಡೆ. ದ್ವೀಪಗಳು ಹುಟ್ಟಿದ್ದೇ ಆ ಬಂಡೆಯ ಮೇಲೆ. ಬಹಳ ಕಡೆ ಅದು ತೀರಾ ಆಳದಲ್ಲಿಲ್ಲ. ಎತ್ತರದ ಕಟ್ಟಡಗಳ ಪೈಲ್‌ಗಳನ್ನ ಬಂಡೆಯ ಒಳಗೇ ಊರಿ ನಿಲ್ಲಿಸಬಹುದು. ಎರಡನೆಯದು, ತುಂಬಿಸಿದ್ದೆಲ್ಲ ಮರಳಲ್ಲ. ಬಂದರಿನ ಕೆಸರು, ಮುರ, ಕಲ್ಲು, ಕಟ್ಟಡದ ಅವಶೇಷ, ಎಲ್ಲ ಬೆರೆತಿದೆ. ಜೇಡಿ ಕೆಸರು ಸಡಿಲ ಮರಳಿನಂತೆ ದ್ರವವಾಗಿ ಹರಿಯಲ್ಲ. ಅದರ ಕಾಟವೇ ಬೇರೆ. ಅದರಲ್ಲಿ ನೀರು ಹೊರಹೋಗೋಕೆ ವರ್ಷಗಟ್ಟಲೆ ಹಿಡಿಯುತ್ತೆ, ಹಾಗಾಗಿ ನೆಲ ವರ್ಷಗಟ್ಟಲೆ ಕೂರುತ್ತಾ ಹೋಗುತ್ತೆ. ಮರಳಿನಲ್ಲಿ ಸೆಕೆಂಡು ನಿಮಿಷಗಳ ಲೆಕ್ಕ, ಜೇಡಿಯಲ್ಲಿ ವರ್ಷಗಳ ಲೆಕ್ಕ. ಗಡಿಯಾರ ಬೇರೆ, ಪ್ರಶ್ನೆ ಒಂದೇ: ನೀರಿಗೆ ದಾರಿ ಇದೆಯಾ?

ಇನ್ನೊಂದು ಮಗ್ಗುಲೂ ಇದೆ. ಐಎಸ್ 1893 ಸಂಹಿತೆಯ 2016ರ ಆವೃತ್ತಿಯ ಭೂಕಂಪ ನಕ್ಷೆಯಲ್ಲಿ ಮುಂಬೈ 3ನೇ ವಲಯ ಅಂತ ಗುರುತಾಗಿತ್ತು. ಬೆಂಗಳೂರಿನ 2ನೇ ವಲಯಕ್ಕಿಂತ ಒಂದು ಮೆಟ್ಟಿಲು ಮೇಲೆ. 1967ರ ಡಿಸೆಂಬರ್ 11ರ ಬೆಳಗಿನ ಜಾವ ಕೊಯ್ನಾ ಅಲುಗಿದಾಗ ಮುಂಬೈಗೂ ಗೊತ್ತಾಗಿತ್ತು. 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಘುಕಾಂತ್ ಮತ್ತು ಆರ್.ಎನ್. ಅಯ್ಯಂಗಾರ್ ಮುಂಬೈ ನಗರದ ಭೂಕಂಪ ಅಪಾಯವನ್ನೇ ಅಂದಾಜು ಮಾಡಿ ಪ್ರಬಂಧ ಪ್ರಕಟಿಸಿದರು. ಸಮುದ್ರದ ಪಕ್ಕದ ಊರಾದ್ದರಿಂದ ತಗ್ಗು ಜಾಗಗಳಲ್ಲಿ ನೀರು ನೆಲಮಟ್ಟಕ್ಕೆ ಹತ್ತಿರ. ಸಡಿಲ ಮರಳಿನ ಪದರ ಎಲ್ಲಿದೆಯೋ ಅಲ್ಲಿ ಬೇಕಾದ ಸಾಮಾನೆಲ್ಲ ಸಿದ್ಧ ಇದ್ದಹಾಗೆ. ಇನ್ನು ಪೈಲ್ ಇರೋದು ಟವರಿಗೆ. ರಸ್ತೆಗೆ, ನೀರಿನ ಪೈಪಿಗೆ, ಗ್ಯಾಸ್ ಲೈನಿಗೆ, ಕಾಂಪೌಂಡಿಗೆ, ಹಳೆಯ ಎರಡಂತಸ್ತಿನ ಚಾಳಿಗೆ, ಕೋಳಿವಾಡದ ಮನೆಗೆ ಇಲ್ಲ. ಟವರ್ ನಿಂತಿದ್ದು ಅದಕ್ಕೆ ಬರುವ ನೀರು, ದಾರಿ ಕಡಿದುಹೋದರೆ ಆ ಟವರಿನಲ್ಲಿ ಎಷ್ಟು ದಿನ ಇರ್ತೀರಿ?

ಸಮುದ್ರ ತುಂಬಿಸೋದು ನಿಂತೂ ಇಲ್ಲ. ಮಿಠಿ ನದಿಯ ಜೌಗಿನ ಮೇಲೆ ಬಿಕೆಸಿ ಬಂತು, ನಮ್ಮಲ್ಲಿ ಎಷ್ಟೋ ಜನರ ಐಡಿ ಕಾರ್ಡು ಅಲ್ಲಿಯದೇ. 2024ರ ಮಾರ್ಚ್‌ನಲ್ಲಿ ಮೊದಲ ಹಂತ ತೆರೆದ ಕೋಸ್ಟಲ್ ರೋಡಿಗಾಗಿ ಸುಮಾರು 111 ಹೆಕ್ಟೇರ್ ಸಮುದ್ರ ತುಂಬಿಸಿದ್ದಾರೆ. ಒಳ್ಳೆಯ ಸುದ್ದಿ ಏನಂದರೆ 1920ರಲ್ಲಿ ಇಲ್ಲದ ಉಪಾಯಗಳು ಈಗ ಇವೆ. ಸಡಿಲ ಮರಳನ್ನ ದೊಡ್ಡ ಕಂಪಕ ಇಳಿಸಿ ಒತ್ತಾಗಿ ಕೂರಿಸಬಹುದು, ಸೇರು ತಟ್ಟಿದ ಹಾಗೆ. ಜಲ್ಲಿಯ ಕಂಬಗಳನ್ನ ನೆಲದೊಳಗೆ ಇಳಿಸಿ ನೀರಿಗೆ ಹತ್ತಿರದ ದಾರಿ ಮಾಡಿಕೊಡಬಹುದು. ಜೇಡಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಪಟ್ಟಿಗಳನ್ನ ಇಳಿಸಿ, ಮೇಲೆ ಭಾರ ಹೇರಿ, ವರ್ಷಗಳ ಕೆಲಸವನ್ನ ತಿಂಗಳುಗಳಲ್ಲಿ ಮುಗಿಸಬಹುದು.

ಫ್ಲಾಟ್ ತಗೊಳ್ಳೋವಾಗ ನಾವು ಕೇಳೋದು ವಾಸ್ತು, ಕಾರ್ಪೆಟ್ ಏರಿಯಾ, ಸ್ಟೇಷನ್ ಎಷ್ಟು ದೂರ. ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕೋ ಮುಂಚೆ ಇನ್ನೂ ಮೂರು ಪ್ರಶ್ನೆ ಸೇರಿಸಿಕೊಳ್ಳಿ. ಬೋರ್‌ಹೋಲ್ ವರದಿಯಲ್ಲಿ ಬಂಡೆ ಎಷ್ಟು ಆಳದಲ್ಲಿದೆ? ಪೈಲ್ ಬಂಡೆ ಮುಟ್ಟಿದೆಯಾ? ಮರಳಿನ ಪದರ ಇದ್ದರೆ ಅದು ದ್ರವವಾಗುವ ಸಾಧ್ಯತೆಯ ಲೆಕ್ಕ ಮಾಡಿದ್ದಾರಾ? ಈ ಲೆಕ್ಕದ ವಿಧಾನ ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲೇ ಇದೆ. ನಿಮ್ಮ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗ್ತಿದ್ದರೆ ಮೀಟಿಂಗಲ್ಲಿ ಪಾರ್ಕಿಂಗ್ ಜಗಳದ ಮಧ್ಯೆ ಇದನ್ನೂ ಒಂದು ಸಲ ಕೇಳಿ. ಊರಲ್ಲಿ ಸೈಟು ನೋಡ್ತಿರೋರಿಗೂ ಇದು ಅನ್ವಯ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆ. ತುಂಬಿಸಿದ ನೆಲಕ್ಕೆ ಸಮುದ್ರವೇ ಬೇಕಿಲ್ಲ.

1926ರ ಸಮಿತಿಯ ಮುಂದೆ ಇದ್ದದ್ದು ಸೋರಿಹೋದ ಕೆಸರು ಮತ್ತು ಸೋರಿಹೋದ ದುಡ್ಡು. ಅವೆರಡೂ ಕಣ್ಣಿಗೆ ಕಾಣುತ್ತಿದ್ದವು, ಹಾಗಾಗಿ ತನಿಖೆ ಆಯಿತು, ಕೇಸು ಆಯಿತು, ಹೆಸರು ಉಳಿಯಿತು. ಒಳಗೆ ಸಿಕ್ಕಿಕೊಂಡ ನೀರು ಕಾಣಲ್ಲ. ಅದರ ತನಿಖೆ ಸಾಮಾನ್ಯವಾಗಿ ಕಟ್ಟಡ ವಾಲಿದ ಮೇಲೆ ಆಗುತ್ತೆ. ಮುಂಚೆಯೇ ಕೇಳಬೇಕಾದವರು ಆ ಮನೆಗೆ ಇಎಂಐ ಕಟ್ಟೋ ನಾವೇ.